ಸೊಂಟ ಮುರಿದಾಗ ಕೇಳಬೇಕಾದದ್ದು ಪಂಚಾಂಗವನ್ನಲ್ಲ
(ಶರಣ ಗೋಷ್ಠಿಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುಗಳ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ. ಇಂಥ ನೆಲದಲ್ಲಿ ನಿಂತು ಇಂದು ನಾನು ತತ್ತ್ವ ಹೇಳುವುದಿಲ್ಲ; ಒಂದು ಮೂಳೆಯ ವಿಷಯ ಹೇಳುತ್ತೇನೆ.

ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಬಚ್ಚಲುಮನೆಯ ನುಣುಪು ಕಲ್ಲು, ಕತ್ತಲಲ್ಲಿ ದಾಟುವ ಹೊಸ್ತಿಲು. ಶಿಕಾರಿಪುರ, ಸೊರಬದ ಮನೆಗಳಲ್ಲಿ ಹಿರಿಯರು ಜಾರುವ ಜಾಗಗಳಿವು. ಬಿದ್ದವರು ಮೇಲೇಳಲಾರರು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದೆ ಎಂದರೆ ತೊಡೆಮೂಳೆಯ ಮೇಲ್ತುದಿ ಮುರಿದಿರುವ ಸಂಭವ ಹೆಚ್ಚು. ನಾವು ಸೊಂಟ ಮುರಿಯಿತು ಅನ್ನುವುದು ಇದನ್ನೇ.

ಆಗ ಮನೆಯಲ್ಲಿ ಮೂರು ಮಾತು ಹುಟ್ಟುತ್ತವೆ. "ಎಣ್ಣೆ ತಿಕ್ಕಿ ಕಟ್ಟು ಕಟ್ಟಿಸೋಣ." "ಅಮಾವಾಸ್ಯೆ ಕಳೆಯಲಿ." "ಇಷ್ಟು ವಯಸ್ಸಾದವರು ಆಪರೇಷನ್ ತಡೆದುಕೊಳ್ತಾರಾ?" ಮೊದಲೆರಡನ್ನು ಅಲ್ಲೇ ಬಿಡಬೇಕು. ಮೂರನೆಯದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಜಾತಕದಲ್ಲಿಲ್ಲ, ರೋಗಿಯ ದೇಹದಲ್ಲೇ ಇದೆ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವೈದ್ಯರು 2008ರಲ್ಲಿ ಒಂದು ಅಂಕಪಟ್ಟಿ ಪ್ರಕಟಿಸಿದರು. ಆಪರೇಷನ್ ಆದ 30 ದಿನಗಳೊಳಗಿನ ಅಪಾಯವನ್ನು ಅದು ಮೊದಲೇ ಅಂದಾಜು ಮಾಡುತ್ತದೆ. ವಯಸ್ಸು 66ರಿಂದ 85 ಇದ್ದರೆ 3 ಅಂಕ, 86 ಅಥವಾ ಹೆಚ್ಚಿದ್ದರೆ 4. ಗಂಡಸಾದರೆ 1. ಹಿಮೋಗ್ಲೋಬಿನ್ 10 ಅಥವಾ ಕಡಿಮೆಯಿದ್ದರೆ 1. ನೆನಪಿನ ಪರೀಕ್ಷೆಯಲ್ಲಿ ಹತ್ತಕ್ಕೆ 6 ಅಥವಾ ಕಡಿಮೆ ಬಂದರೆ 1. ಆರೈಕೆ ಕೇಂದ್ರದಲ್ಲಿ ವಾಸವಿದ್ದರೆ 1. ಹೃದಯ, ಪಾರ್ಶ್ವವಾಯು, ಶ್ವಾಸಕೋಶ, ಮೂತ್ರಪಿಂಡ ಇವುಗಳಲ್ಲಿ ಎರಡು ಕಾಯಿಲೆ ಇದ್ದರೆ 1. ಕ್ಯಾನ್ಸರ್ ಇದ್ದರೆ 1. ಒಟ್ಟು 10. ಅಂಕ ಏರಿದಷ್ಟೂ ಅಪಾಯ ಹೆಚ್ಚು.

ಮನೆಯಲ್ಲೇ ಇರುವ 80ರ ಅಜ್ಜಿ, ಹಿಮೋಗ್ಲೋಬಿನ್ 9, ನೆನಪು ಚುರುಕು, ಬೇರೆ ಕಾಯಿಲೆ ಇಲ್ಲ ಎನ್ನೋಣ. ಅವರಿಗೆ 4. ಹೃದಯ, ಮೂತ್ರಪಿಂಡ ಎರಡೂ ಸೋತ 88ರ ಅಜ್ಜನಿಗೆ 6. ವಯಸ್ಸೊಂದೇ ತೀರ್ಪು ಕೊಡುವುದಿಲ್ಲ ಎಂಬುದನ್ನು ಗಮನಿಸಿ.

ಈ ಪಟ್ಟಿ ಆ ಊರಿನ ರೋಗಿಗಳನ್ನು ನೋಡಿ ಮಾಡಿದ್ದು. ನಮ್ಮ ಹಿರಿಯರು ಹೆಚ್ಚಾಗಿ ಮನೆಯಲ್ಲೇ ಇರುತ್ತಾರೆ, ಆಸ್ಪತ್ರೆಗೆ ತಡವಾಗಿ ಬರುವುದೂ ಉಂಟು. ಆದ್ದರಿಂದ ಅಂಕವನ್ನು ಹಣೆಬರಹ ಅಂದುಕೊಳ್ಳಬಾರದು. ಇಂಥ ನೂರು ಜನರಲ್ಲಿ ಎಷ್ಟು ಮಂದಿಗೆ ಅಪಾಯ ಎಂದು ಅದು ಹೇಳೀತು. ನಿಮ್ಮ ಅಜ್ಜಿ ಆ ನೂರರಲ್ಲಿ ಯಾರು ಎಂದು ಹೇಳಲಾರದು. ಅಂಕ ಹೆಚ್ಚು ಬಂತೆಂದು ಕೈಬಿಡುವುದಲ್ಲ, ಹೆಚ್ಚು ಸಿದ್ಧತೆ ಮಾಡಿಕೊಳ್ಳುವುದು. ವಯಸ್ಸು ಇಳಿಸಲಾಗದು, ಆದರೆ ರಕ್ತ ಕೊಡಬಹುದು, ನೀರು-ಲವಣದ ಏರುಪೇರು ಸರಿಪಡಿಸಬಹುದು, ನೋವು ತಗ್ಗಿಸಬಹುದು.

ಆಪರೇಷನ್ ಬೇಡವೆಂದು ಮಲಗಿಸಿದರೆ ಅಪಾಯ ತಪ್ಪಿತೇ? ಇಲ್ಲ. ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಮಲಗಿದ ಹಿರಿಯರನ್ನು ಕೊಲ್ಲುವುದು ಇವೇ. ಆದ್ದರಿಂದ ಸಾಧ್ಯವಾದರೆ 48 ಗಂಟೆಯೊಳಗೆ ಆಪರೇಷನ್ ಮಾಡಿ, ಮರುದಿನವೇ ಎಬ್ಬಿಸಿ ನಿಲ್ಲಿಸಲು ವೈದ್ಯರು ನೋಡುತ್ತಾರೆ. ಭಾರತವೂ ಸೇರಿ 17 ದೇಶಗಳ 2970 ರೋಗಿಗಳ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ನಿರ್ಧಾರವಾದ ಸುಮಾರು 6 ಗಂಟೆಗೇ ಆಪರೇಷನ್ ಮಾಡಿದರೂ, 24 ಗಂಟೆಗೆ ಮಾಡಿದರೂ, ಸಾವಿನ ಪ್ರಮಾಣದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಗ ಮಾಡಿದವರಲ್ಲಿ ಬುದ್ಧಿಭ್ರಮಣೆ ಕಡಿಮೆಯಿತ್ತು, ಅವರು ಬೇಗ ಎದ್ದು ನಿಂತರು. ಅಂದರೆ ಗಂಟೆಗಳಿಗಾಗಿ ಗಾಬರಿ ಬೇಡ. ವಾರಗಟ್ಟಲೆ ಕಾಯುವುದು ಮಾತ್ರ ಸಲ್ಲದು.

ಬಿದ್ದವರ ಕಾಲನ್ನು ಎಳೆಯಬೇಡಿ, ತಿಕ್ಕಬೇಡಿ. ದಿನವೂ ನುಂಗುವ ಮಾತ್ರೆಗಳನ್ನೆಲ್ಲ ಜೊತೆಗೊಯ್ಯಿರಿ; ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಮೊದಲೇ ಹೇಳಿ. ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಮರೆಯಬೇಡಿ. ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಮಾಡಿದರೆ ಅಪಾಯವೆಷ್ಟು? ಬಿಟ್ಟರೆ ಎಷ್ಟು? ಅಪಾಯ ತಗ್ಗಿಸಲು ಏನು ಮಾಡಬಹುದು? ಉತ್ತರವನ್ನು ಹಿರಿಯರಿಗೂ ತಿಳಿಸಿ, ಅವರ ಇಚ್ಛೆ ಕೇಳಿ. ದೇಹ ಅವರದು.

ದಾಸೋಹವೆಂದರೆ ಅನ್ನವಷ್ಟೇ ಅಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದ ಅಜ್ಜಿಗೆ ಒಂದು ಬಾಟಲಿ ರಕ್ತ ಕೊಡಲು ಹೊರಡುವ ಊರಿನ ಯುವಕನದೂ ದಾಸೋಹವೇ. ಬಚ್ಚಲಿಗೊಂದು ಹಿಡಿಕೆ, ಹೊಸ್ತಿಲ ಬಳಿ ಒಂದು ದೀಪ ಇಂದೇ ಹಾಕಿಸಿ.