ತಿಂಗಳು ಮೂಡುವ ಹೊತ್ತು

ಕನ್ನಡದಲ್ಲಿ ತಿಂಗಳು ಎಂಬ ಮಾತಿಗೆ ಎರಡರ್ಥ. ಆಕಾಶದ ಚಂದ್ರನೂ ತಿಂಗಳೇ, ಅವನ ಒಂದು ಸುತ್ತಿನ ಕಾಲವೂ ತಿಂಗಳೇ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ತಿಂಗಳನ್ನು ಎಣಿಸುವುದು ಚಂದ್ರನಿಂದಲ್ಲ, ಸೂರ್ಯನಿಂದ. ತುಳುವರ ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಮೊದಲಾದ ಹನ್ನೆರಡೂ ಸಂಕ್ರಮಣದಿಂದ ಸಂಕ್ರಮಣಕ್ಕೆ ಸಾಗುವ ಸೌರಮಾಸಗಳು. ಹೀಗಿದ್ದೂ ಉಪವಾಸ ಬಿಡುವುದಕ್ಕೆ, ಅರ್ಘ್ಯ ಕೊಡುವುದಕ್ಕೆ, ಈದ್ ಆಚರಿಸುವುದಕ್ಕೆ, ಮರದ ಮದ್ದು ತರುವುದಕ್ಕೆ ಈ ಊರುಗಳವರು ಚಂದ್ರನ ಅಪ್ಪಣೆಯನ್ನೇ ಕಾಯಬೇಕು. ಅವನು ಎಷ್ಟು ಹೊತ್ತಿಗೆ ಮೂಡುತ್ತಾನೆ, ಮೂಡಿದನೆಂದು ನಾವು ಹೇಳುವುದು ಯಾವುದನ್ನು ನಂಬಿ, ಎಂಬುದೇ ಇಂದಿನ ಮಾತಿನ ವಿಷಯ.

ಲೆಕ್ಕ ಕಠಿಣವಾದುದಲ್ಲ. ಚಂದ್ರನು ಸೂರ್ಯನಿಂದ ಹನ್ನೆರಡು ಅಂಶ ದೂರ ಸರಿದರೆ ಒಂದು ತಿಥಿ. ಇಂಥ ಮೂವತ್ತು ತಿಥಿಗಳು ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳಲ್ಲಿ ಮುಗಿಯುತ್ತವೆ. ಹೀಗೆ ಮೂಡಲ ಕಡೆಗೆ ಸರಿಯುವುದರಿಂದಲೇ ಅವನ ಉದಯ ದಿನದಿನವೂ ಸರಾಸರಿ 50 ನಿಮಿಷ ತಡವಾಗುತ್ತದೆ. ಹಳೆಯ ಅಳತೆಯಲ್ಲಿ ಹೇಳುವುದಾದರೆ ಎರಡು ಗಳಿಗೆ. ಶುದ್ಧ ಪಂಚಮಿಯ ಚಂದ್ರ ಸೂರ್ಯಾಸ್ತದ ಮೇಲೆ ಹತ್ತು ಗಳಿಗೆ, ಎಂದರೆ ನಾಲ್ಕು ಗಂಟೆಯ ಹೊತ್ತು, ಆಕಾಶದಲ್ಲಿರುತ್ತಾನೆ. ಹುಣ್ಣಿಮೆಯಂದು ಸೂರ್ಯ ಮುಳುಗುವ ವೇಳೆಗೆ ಮೂಡುತ್ತಾನೆ. ಅಲ್ಲಿಂದ ಮುಂದೆ ಬಹುಳದ ತಿಥಿಯನ್ನು ಇಮ್ಮಡಿಸಿದರೆ ಸೂರ್ಯಾಸ್ತವಾಗಿ ಎಷ್ಟು ಗಳಿಗೆಗೆ ಚಂದ್ರೋದಯವೆಂಬುದು ಒರಟಾಗಿ ದೊರೆಯುತ್ತದೆ. ಒರಟಾಗಿ ಎಂದೆ, ಏಕೆಂದರೆ ಚಂದ್ರನ ನಡಿಗೆ ಒಂದೇ ಸಮನಲ್ಲ. ತಿಥಿಯೊಂದು ಹತ್ತೊಂಬತ್ತು ಗಂಟೆಗೂ ಮುಗಿದೀತು, ಇಪ್ಪತ್ತಾರು ಗಂಟೆಯವರೆಗೂ ಎಳೆದೀತು.

ಸಂಕಷ್ಟಿಯ ದಿನ ಈ ಲೆಕ್ಕಕ್ಕೆ ಜೀವ ಬರುತ್ತದೆ. ಬಹುಳ ಚೌತಿಯಂದು ಹಗಲೆಲ್ಲ ಉಪವಾಸವಿದ್ದವರು ಚಂದ್ರದರ್ಶನವಾದ ಮೇಲೆ ಉಣ್ಣಬೇಕು. ಪಂಚಾಂಗದಲ್ಲಿ ಚಂದ್ರೋದಯ ರಾತ್ರಿ ಒಂಬತ್ತರ ಆಸುಪಾಸು ಎಂದಿರುತ್ತದೆ. ಮಂಗಳೂರಿಗೆಂದು ಗಣಿಸಿದ ವೇಳೆ ಬೆಳ್ತಂಗಡಿಗೆ ಹೊಂದುವುದೋ ಎಂದು ಕೆಲವರು ಕೇಳುವುದುಂಟು. ರೇಖಾಂಶದ ವ್ಯತ್ಯಾಸ ಅರ್ಧ ಅಂಶವೂ ಇಲ್ಲ. ಅದರಿಂದ ಬರುವ ಅಂತರ ಎರಡು ನಿಮಿಷಕ್ಕೂ ಮೀರದು. ನಿಜವಾದ ಅಂತರವನ್ನು ತರುವುದು ಘಟ್ಟ. ಪಂಚಾಂಗದ ಉದಯ ಸಮತಟ್ಟಾದ ದಿಗಂತದ ಉದಯ. ಬೆಳ್ತಂಗಡಿಗೆ ಮೂಡಲಲ್ಲಿ ಚಾರ್ಮಾಡಿ, ಬಡಗಲಲ್ಲಿ ಕುದುರೆಮುಖದ ಸಾಲು. ಬೆಟ್ಟವು ಐದು ಅಂಶದಷ್ಟು ಆಕಾಶವನ್ನು ಮರೆಮಾಡಿದರೆ, ಅಂಶಕ್ಕೆ ನಾಲ್ಕು ನಿಮಿಷದಂತೆ, ಇಪ್ಪತ್ತು ನಿಮಿಷ ತಡೆದ ಮೇಲೆಯೇ ಚಂದ್ರ ಕಾಣುವುದು. ಬಂಟ್ವಾಳದ ನೇತ್ರಾವತಿಯ ತಗ್ಗಿನಲ್ಲಿ ಈ ಕೆಲಸವನ್ನು ಎದುರಿನ ಗುಡ್ಡವೂ ಅಡಕೆ ತೋಟವೂ ಮಾಡುತ್ತವೆ.

ಅದೂ ಪ್ರತಿ ರಾತ್ರಿ ಒಂದೇ ಬೆಟ್ಟವಲ್ಲ. ಸೂರ್ಯನು ಒಂದು ವರ್ಷದಲ್ಲಿ ತೆಂಕಿನಿಂದ ಬಡಗಿಗೆ ಹೋಗಿ ಮರಳುವ ದಾರಿಯನ್ನು ಚಂದ್ರ ಒಂದು ತಿಂಗಳಿನೊಳಗೆ ಮುಗಿಸುತ್ತಾನೆ. ಈ ಓಲಾಟವೂ 18.6 ವರ್ಷಗಳ ಆವರ್ತದಲ್ಲಿ ಹಿಗ್ಗಿ ಕುಗ್ಗುತ್ತದೆ. 2024-25ರಲ್ಲಿ ಅದು ತನ್ನ ಗರಿಷ್ಠದಲ್ಲಿತ್ತು. ಮನೆಯ ಅಂಗಳದಲ್ಲಿ ನಿಂತು ಎರಡು ವಾರ ನೋಡಿದವರಿಗೆ ಇದು ತಾನಾಗಿ ತಿಳಿಯುತ್ತದೆ. ಈಗ ಕೈಯ ಫೋನಿನಲ್ಲಿ ನಿಮಿಷ ಸಿಗುತ್ತದೆ, ನಿಜ. ದಿಕ್ಕನ್ನು ಕೇಳಿದರೆ ಉತ್ತರಿಸುವವರು ವಿರಳ.

ಅಷ್ಟಮಿಯದು ಬೇರೆ ತೊಡಕು. ಬಹುಳ ಅಷ್ಟಮಿಯ ಚಂದ್ರ ನಡುರಾತ್ರಿಯ ಸುಮಾರಿಗೆ ಮೂಡುತ್ತಾನೆ. ಕೃಷ್ಣನಿಗೂ ಚಂದ್ರನಿಗೂ ಅರ್ಘ್ಯ ಕೊಡುವ ಹೊತ್ತು ಅದೇ. ನಮ್ಮ ಗಡಿಯಾರವಾದರೋ ಎಂಬತ್ತೆರಡೂವರೆ ಅಂಶ ರೇಖಾಂಶದ್ದು. ಈ ಊರುಗಳು ಎಪ್ಪತ್ತೈದರ ಬಳಿ ಇರುವುದರಿಂದ ಇಲ್ಲಿನ ನಿಜವಾದ ನಡುರಾತ್ರಿ ಗಡಿಯಾರದ ಹನ್ನೆರಡೂವರೆಗೆ. ಆದುದರಿಂದ ಅರ್ಘ್ಯದ ಹೊತ್ತು ಎಷ್ಟೋ ಸಲ ಮರುದಿನದ ತಾರೀಖಿಗೆ ಜಾರುತ್ತದೆ. ಪ್ರತಿ ತಿಂಗಳೂ ಈ ತಿಥಿಯ ಆಸುಪಾಸಿನಲ್ಲಿ ಒಂದು ತಾರೀಖಿಗೆ ಚಂದ್ರೋದಯವೇ ಇರುವುದಿಲ್ಲ. ಉದಯದಿಂದ ಉದಯಕ್ಕೆ ದಿನ ಎಣಿಸುವ ಪಂಚಾಂಗಕ್ಕೆ ಇದರಿಂದ ಬಾಧಕವಿಲ್ಲ. ಮೂಡೆ ಕಟ್ಟಿಟ್ಟು ಕಾದು ಕುಳಿತ ಮಕ್ಕಳಿಗೆ ಮಾತ್ರ ಉಂಟು! ಇನ್ನು ಯಾವ ಅಷ್ಟಮಿ ಎಂಬ ಪ್ರಶ್ನೆ. ಸೌರಮಾನದವರಿಗೆ ಅದು ಸಿಂಹಮಾಸದೊಳಗೇ ಬರಬೇಕು. 2025ರಲ್ಲಿ ದೇಶದ ಬಹುಭಾಗ ಆಗಸ್ಟ್ ನಡುವಿನಲ್ಲಿ ಹಬ್ಬವನ್ನು ಮುಗಿಸಿದ್ದರೆ, ಉಡುಪಿಯ ಕೃಷ್ಣಮಠದಲ್ಲಿ ಅದು ಸೆಪ್ಟೆಂಬರ್ 14ರಂದು ನಡೆಯಿತು.

ಇವೆಲ್ಲ ಗಣಿತವನ್ನು ನಂಬಿದ ಆಚರಣೆಗಳು. ಮೋಡ ಮುಚ್ಚಿದ್ದರೂ ಮೂಡಿದ ಚಂದ್ರ ಮೂಡಿದವನೇ ಎಂದು ಗಡಿಯಾರ ನೋಡಿ ಅರ್ಘ್ಯ ಬಿಡುತ್ತಾರೆ. ಅದರಲ್ಲಿ ತಪ್ಪೇನೂ ನನಗೆ ಕಾಣದು. ಅದೇ ಬಂಟ್ವಾಳದ ಪೇಟೆಯಲ್ಲಿ ಬ್ಯಾರಿಗಳಿಗೆ ಕಣ್ಣಿನ ಸಾಕ್ಷಿಯೇ ಬೇಕು. ರಮಳಾನಿನ ಇಪ್ಪತ್ತೊಂಬತ್ತನೆಯ ಸಂಜೆ ಪಡುವಣದಲ್ಲಿ ಎಳೆಯ ಚಂದ್ರ ಇರುವುದು ಒಂದು ಗಂಟೆಗೂ ಕಡಿಮೆ ಹೊತ್ತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅವನು ದೋಣಿಯಂತೆ ಅಂಗಾತವಾಗಿ ಮಲಗಿರುತ್ತಾನೆ, ಕಾಣುವುದೂ ಸುಲಭ. (ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಚಂದ್ರನಾಥ ತೀರ್ಥಂಕರನ ಲಾಂಛನವೂ ಬಾಲಚಂದ್ರನೇ.) ಆದರೆ ಹಿಜರಿ ವರ್ಷದಲ್ಲಿ ಅಧಿಕಮಾಸವಿಲ್ಲ, ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತ 2016, 2017, 2018ರಲ್ಲಿ ಈದ್ ಮಳೆಗಾಲಕ್ಕೇ ಬಂದಿತ್ತು. ಆಗ ಈ ಕಡೆಯ ಆಕಾಶದಲ್ಲಿ ಚಂದ್ರನನ್ನು ಹುಡುಕುವುದು ಸಾಹಸವೇ ಸರಿ. ಕೇರಳದ ಕಡಲ ತೀರದಲ್ಲಿ ಕಂಡವರ ಸಾಕ್ಷ್ಯವನ್ನೂ ಪರಿಗಣಿಸಿ ಖಾಝಿಯವರು ಸಾರುತ್ತಾರೆ. ಆದುದರಿಂದಲೇ ಕೆಲವು ವರ್ಷ ಕರಾವಳಿಯ ಈದ್ ಬೆಂಗಳೂರಿಗಿಂತ ಒಂದು ದಿನ ಮುಂಚೆ.

ಸೂರ್ಯನ ತಿಂಗಳೂ ಚಂದ್ರನ ತಿಥಿಯೂ ಕೂಡುವ ದಿನ ಆಟಿಯ ಅಮಾವಾಸ್ಯೆ. ಅಂದು ಸೂರ್ಯೋದಯಕ್ಕೆ ಮುಂಚೆ ಪಾಲೆ ಮರದ ತೊಗಟೆಯನ್ನು ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಕಷಾಯ ಮಾಡಿ ಬರಿಹೊಟ್ಟೆಯಲ್ಲಿ ಕುಡಿಯುವುದು ವಾಡಿಕೆ. ಮೇಲೆ ತಂಪಿಗೆ ಮೆಂತೆ ಗಂಜಿ. ಅಂದು ಚಂದ್ರ ಸೂರ್ಯನ ಜೊತೆಗೇ ಮೂಡುವುದರಿಂದ ನಸುಕಿನಲ್ಲಿ ಬೆಳಕಿನ ಸುಳಿವಿಲ್ಲ. ಮೇಲೆ ಆಟಿಯ ಮೋಡ. ಆ ಕತ್ತಲೆಯಲ್ಲಿ ಪಾಲೆಯೆಂದು ಕಾಸರಕದ ತೊಗಟೆಯನ್ನು ತಂದು ಪ್ರಾಣಾಪಾಯಕ್ಕೆ ಸಿಲುಕಿದವರುಂಟು. ಪಾಲೆಯ ತೊಗಟೆಯನ್ನು ಕೆತ್ತಿದರೆ ಬಿಳಿಯ ಹಾಲು ಒಸರುತ್ತದೆ, ಕಾಸರಕದಲ್ಲಿ ಹಾಲಿಲ್ಲ. ಬಲ್ಲವರು ಚತುರ್ದಶಿಯ ಹಗಲಿನಲ್ಲೇ ಹೋಗಿ ಮರವನ್ನು ಗುರುತಿಸಿಟ್ಟು ಬರುತ್ತಾರೆ.