ಅಂಜದೀವದ ಕೋಟೆ, ನಮ್ಮ ಕಾವಲು
(ಹಿರಿಯೂರಿನಲ್ಲಿ ಕಾರ್ಮಿಕರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕಡಲು ಕಾಣದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರಿಗೆ ನೌಕಾನೆಲೆಯ ಮಾತೇಕೆ ಎಂದು ನೀವು ಕೇಳಬಹುದು. ದಂಡಿಗೆ ನೆಲ ಬೇಕಾದಾಗ ಕರಾವಳಿಯೂ ಒಂದೇ, ಬಯಲುಸೀಮೆಯೂ ಒಂದೇ. ಅದಕ್ಕಾಗಿ ಹೇಳುತ್ತಿದ್ದೇವೆ.

ಕಾರವಾರದ ದಡದೆದುರು ಅಂಜದೀವವೆಂಬ ಪುಟ್ಟ ದ್ವೀಪವಿದೆ. 1505ರಲ್ಲಿ ಪೋರ್ತುಗೀಜರ ಅಲ್ಮೇಡ ಅಲ್ಲಿ ಕೋಟೆ ಕಟ್ಟಿಸಿದ. ಮರುವರ್ಷ ಅವರೇ ಅದನ್ನು ಕೆಡವಿ ಹೋದರು. ಪೋರ್ತುಗೀಜರ ರಾಜಕುಮಾರಿಯನ್ನು ವರಿಸಿದ ಇಂಗ್ಲೆಂಡಿನ ರಾಜನಿಗೆ ಮುಂಬಯಿ ಬಳುವಳಿಯಾಗಿ ಬಂತು. ಅದನ್ನು ವಹಿಸಿಕೊಳ್ಳಲು 1662ರಲ್ಲಿ ಬಂದ ಸಿಪಾಯಿಗಳಿಗೆ ಅಲ್ಲಿನ ಅಧಿಕಾರಿಗಳು ಊರು ಬಿಟ್ಟುಕೊಡಲಿಲ್ಲ. ಸಿಪಾಯಿಗಳು ಅಂಜದೀವದಲ್ಲಿ ಬಿಡಾರ ಹೂಡಿ, ರೋಗಕ್ಕೆ ತುತ್ತಾಗಿ ನೂರಾರು ಮಂದಿ ಸತ್ತರು. ಬಳುವಳಿ ಕೊಟ್ಟವರು, ಕೊಂಡವರು ರಾಜರು. ಮಣ್ಣಾದವರು ಸಂಬಳದ ಆಳುಗಳು.

1682ರಲ್ಲಿ ಮತ್ತೆ ಬಂದ ಪೋರ್ತುಗೀಜರು 1961ರವರೆಗೆ ಅಲ್ಲಿದ್ದರು. ಆ ವರ್ಷದ ನವೆಂಬರಿನಲ್ಲಿ ದ್ವೀಪದಿಂದ ಗುಂಡು ಹಾರಿಸಿ ನಮ್ಮ ಬೆಸ್ತರೊಬ್ಬರನ್ನು ಕೊಂದರು. ಡಿಸೆಂಬರ್ 18ರಂದು ‘ತ್ರಿಶೂಲ್’, ‘ಮೈಸೂರು’ ಯುದ್ಧನೌಕೆಗಳು ದ್ವೀಪದ ಮೇಲೆ ನಡೆದವು. ಅದನ್ನು ಬಿಡಿಸುವ ಕಾಳಗದಲ್ಲಿ ನಮ್ಮ ಏಳು ನಾವಿಕರು ಪ್ರಾಣ ತೆತ್ತರು. ಆ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ.

ಆಮೇಲಿನ ಕಥೆ ಕೇಳಿ. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಕಾರವಾರದ ಬಳಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲಿಟ್ಟರು. ಹನ್ನೊಂದು ಸಾವಿರ ಎಕರೆಗೂ ಮಿಕ್ಕಿದ ನೆಲ ಸರಕಾರದ ವಶವಾಯಿತು. 13 ಹಳ್ಳಿಗಳ ಸುಮಾರು ನಾಲ್ಕು ಸಾವಿರ ಕುಟುಂಬಗಳು ಎದ್ದು ಹೋದವು. 2005ರ ಮೇ 31ರಂದು ‘ಕದಂಬ’ ನೆಲೆ ಆರಂಭವಾಯಿತು. ಅಂಜದೀವವೂ ಅದರೊಳಗೆ ಸೇರಿತು. ಪರಿಹಾರದ ದರ ಸಾಲದೆಂದು ಕೋರ್ಟಿನ ಮೆಟ್ಟಿಲು ಹತ್ತಿದ ರೈತರು ನೆಲೆ ಎದ್ದು ನಿಂತ ಮೇಲೂ ವರ್ಷಗಟ್ಟಲೆ ಕಾದರು.

ಕೊರಿಯಾದ ಜೇಜು ದ್ವೀಪದಲ್ಲೂ ಇದೇ ಪಾಡು. ಗಾಂಗ್‌ಜಂಗ್ ಎಂಬ ಬೆಸ್ತರ, ರೈತರ ಹಳ್ಳಿ 2007ರಿಂದ ವರ್ಷಗಳ ಕಾಲ ಹೋರಾಡಿತು. 2016ರಲ್ಲಿ ನೌಕಾನೆಲೆ ಎದ್ದೇ ಎದ್ದಿತು.

ಇನ್ನು ನಮ್ಮ ಜಿಲ್ಲೆಗೆ ಬನ್ನಿ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ ಮುಂತಾದ ಸಂಸ್ಥೆಗಳ ಪಾಲಾಯಿತು. 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ನೆಲೆ ತೆರೆಯಿತು. ಕಾವಲಿಗೆ ಕುರಿಗಾಹಿಯ ಹೆಸರಿನ ಪಟ್ಟೆಯಿಲ್ಲ. ಪಟ್ಟೆಯಿಲ್ಲದವನಿಗೆ ಪರಿಹಾರವೆಲ್ಲಿ? ಮೇವು ಹೋದರೆ ಕುರಿ ಹೋಯಿತು, ಕುರಿ ಹೋದರೆ ಉಣ್ಣೆ ಹೋಯಿತು, ಕಂಬಳಿ ಹೋಯಿತು. ಸಂತೆಯ ವ್ಯಾಪಾರವೂ ಬಡವಾಯಿತು. ಕೆಲಸ ಹುಡುಕಿ ಗಿರಣಿಯ ಬಾಗಿಲಿಗೆ ಬಂದವನನ್ನು ತೋರಿಸಿ ಮಾಲೀಕ ನಿಮ್ಮ ಕೂಲಿಯನ್ನೇ ಇಳಿಸುತ್ತಾನೆ.

ನಾವು ದೇಶರಕ್ಷಣೆಯ ವಿರೋಧಿಗಳಲ್ಲ. ಆದರೆ ದೇಶ ಎಲ್ಲರದಾದರೆ ಅದರ ಹೊರೆಯೂ ಎಲ್ಲರದಾಗಬೇಕು. ನೆಲ ಕೇಳುವ ಮೊದಲು ಗ್ರಾಮಸಭೆಯ ಒಪ್ಪಿಗೆ ಪಡೆಯಲಿ. ಎಬ್ಬಿಸುವ ಮೊದಲು ಬದಲಿ ನೆಲೆ ಕೊಡಲಿ. ಪಟ್ಟೆಯನ್ನಷ್ಟೇ ಅಲ್ಲ, ಕಸುಬನ್ನೂ ಎಣಿಸಿ ಪರಿಹಾರ ಕಟ್ಟಲಿ. ಈ ಮೂರು ಬೇಡಿಕೆಗಳನ್ನು ಗಿರಣಿಯಲ್ಲೂ ಅಂಗಡಿಯಲ್ಲೂ ಎತ್ತಿ ಆಡಿರಿ; ಕುರಿಗಾಹಿಯನ್ನು ಒಂಟಿಯಾಗಿ ಬಿಡಬೇಡಿರಿ.