ಆಸನವೂ ಬಾಗಿಲೂ



ಮೂರು ದಶಕಗಳಿಗೂ ಮಿಕ್ಕಿ ಕಾಲೇಜಿನಲ್ಲಿ ಪಂಪ, ಕುಮಾರವ್ಯಾಸರನ್ನು ಪಾಠ ಹೇಳಿದವನೊಬ್ಬ ಇಂದು ಕುರ್ಚಿ, ಬಾಗಿಲು, ಶಾಮಿಯಾನಗಳ ವಿಷಯ ಮಾತನಾಡಲು ಹೊರಟಿದ್ದಾನೆಂದರೆ ತಮಗೆ ಸೋಜಿಗವಾಗಬಹುದು. ಬಾಡಿಗೆ ಸಾಮಾನಿನ ಅಂಗಡಿಯವರು ಹೇಳಬೇಕಾದ ಮಾತನ್ನು ಕನ್ನಡ ಮೇಷ್ಟರು ಹೇಳುವುದೇಕೆ ಎಂದು ಕೇಳಿದರೆ ನನ್ನಲ್ಲಿ ಎರಡು ಉತ್ತರಗಳಿವೆ. ಮೊದಲನೆಯದು, ಈ ವಿಷಯ ನಮ್ಮ ಕಾವ್ಯಗಳಲ್ಲಿಯೇ ಇದೆ. ಎರಡನೆಯದು, ಒಂದು ಸಭೆಯ ವ್ಯವಸ್ಥೆಯಲ್ಲಿ ನಾನು ಮಾಡಿದ ತಪ್ಪಿನಿಂದ ಹಿರಿಯರೊಬ್ಬರ ಕೈ ಮುರಿಯಿತು. ಮೊದಲನೆಯದನ್ನು ಹೇಳಿ ಎರಡನೆಯದಕ್ಕೆ ಬರುತ್ತೇನೆ.

ಮಹಾಭಾರತದಲ್ಲಿ ಯುದ್ಧ ಆರಂಭವಾಗುವುದಕ್ಕೆ ಮೊದಲೇ ಆಸನದ ಪ್ರಶ್ನೆ ಬರುತ್ತದೆ. ಸಹಾಯ ಬೇಡಲು ದ್ವಾರಕೆಗೆ ಹೋದ ದುರ್ಯೋಧನ, ಮಲಗಿದ್ದ ಕೃಷ್ಣನ ತಲೆಯ ಬಳಿ ಇದ್ದ ಒಳ್ಳೆಯ ಪೀಠದಲ್ಲಿ ಕುಳಿತ. ಅನಂತರ ಬಂದ ಅರ್ಜುನ ಕಾಲ ಬಳಿ ಕೈಮುಗಿದು ನಿಂತ. ಕಣ್ಣು ತೆರೆದ ಕೃಷ್ಣನಿಗೆ ಮೊದಲು ಕಂಡವನು ಅರ್ಜುನ. ಮೊದಲು ಬಂದವನೇ ಬೇರೆ, ಮೊದಲು ಕಂಡವನೇ ಬೇರೆ! ಹದಿನೆಂಟು ಅಕ್ಷೋಹಿಣಿಯ ಯುದ್ಧದ ಹಣೆಬರಹದಲ್ಲಿ ಒಂದು ಗೆರೆಯನ್ನು ಅಂದು ಪೀಠದ ಜಾಗವೇ ಬರೆಯಿತು. ಮುಂದೆ ಕೃಷ್ಣ ಸಂಧಾನಕ್ಕೆ ಬಂದಾಗ ದುರ್ಯೋಧನ ಆಸನದಿಂದ ಏಳಲೇ ಇಲ್ಲ. ಕೃಷ್ಣ ಅಂಗುಷ್ಠದಿಂದ ನೆಲವನ್ನೊತ್ತಿದ, ಸಿಂಹಾಸನ ವಾಲಿ ಕೌರವೇಶ್ವರ ಅವನ ಪದತಲಕ್ಕೆ ಉರುಳಿದ. ಕುಮಾರವ್ಯಾಸನ ಈ ಪ್ರಸಂಗವನ್ನು ಗಮಕಿಗಳ ಬಾಯಲ್ಲಿ ಕೇಳಿ ನಗದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಸಭೆಯ ಹಿಂದಿನ ಸಾಲಿನಲ್ಲಿ ನಿಂತ ಬಡ ಸದಸ್ಯನ ಹೆಬ್ಬೆರಳಿಗೆ ಆ ಶಕ್ತಿಯಿಲ್ಲ. ಅವನ ಪರವಾಗಿ ನೆಲವನ್ನೊತ್ತಬೇಕಾದವರು ಸಭೆಯ ವ್ಯವಸ್ಥಾಪಕರು.

ಇದು ಪುರಾಣದ ಮಾತಾಯಿತು ಎನ್ನಬೇಡಿ. 1968ರ ಕೊನೆಯಲ್ಲಿ ವಿಯೆಟ್ನಾಂ ಯುದ್ಧವನ್ನು ನಿಲ್ಲಿಸುವ ಮಾತುಕತೆಗಾಗಿ ಪ್ಯಾರಿಸ್ ನಗರದಲ್ಲಿ ನಾಲ್ಕು ಪಕ್ಷಗಳು ಸೇರಬೇಕಾಗಿತ್ತು. ಮೇಜು ಚೌಕವಾಗಿರಬೇಕೋ, ಉದ್ದವಾಗಿರಬೇಕೋ, ದುಂಡಗಿರಬೇಕೋ ಎಂಬ ವಾದದಲ್ಲಿಯೇ ಸುಮಾರು ಹತ್ತು ವಾರಗಳು ಕಳೆದವು. ನಾಲ್ಕು ಬದಿಯ ಮೇಜಿಗೆ ಒಪ್ಪಿದರೆ ತನ್ನ ನೆಲದ ಬಂಡಾಯಗಾರರನ್ನು ಸಮಾನ ಪಕ್ಷವೆಂದು ಮನ್ನಿಸಿದಂತಾಗುತ್ತದೆ ಎಂಬುದು ದಕ್ಷಿಣ ವಿಯೆಟ್ನಾಂ ಸರ್ಕಾರದ ಆಕ್ಷೇಪ. ಕಡೆಗೆ 1969ರ ಜನವರಿಯಲ್ಲಿ ನಡುವೆ ಒಂದು ದುಂಡು ಮೇಜು, ಅದರ ಎರಡು ಪಕ್ಕಗಳಲ್ಲಿ ಗುಮಾಸ್ತರಿಗಾಗಿ ಎರಡು ಆಯತದ ಮೇಜುಗಳು ಎಂದು ತೀರ್ಮಾನವಾಯಿತು. ಧ್ವಜವಿಲ್ಲ, ಹೆಸರಿನ ಫಲಕವಿಲ್ಲ. ಅಷ್ಟು ದಿನವೂ ಅತ್ತ ಮನುಷ್ಯರು ಸಾಯುತ್ತಲೇ ಇದ್ದರು. ಮೇಜಿಗಾಗಿ ಜಗಳವಾಡಿದವರನ್ನು ಜಗತ್ತು ನಕ್ಕಿತು. ನಗುವುದು ಸುಲಭ. ಆದರೆ ಯಾರು ಎಲ್ಲಿ ಕುಳಿತುಕೊಳ್ಳುತ್ತಾರೆ ಎಂಬುದು ಯಾರ ಮಾತಿಗೆ ಎಷ್ಟು ಬೆಲೆ ಎಂಬುದರ ಮೊದಲ ಬರಹವೆನ್ನುವುದು ಅವರಿಗೆ ಗೊತ್ತಿತ್ತು.

ಇನ್ನು ನನ್ನ ಕಥೆ. ನಮ್ಮ ನಾಡಿನ ಪಟ್ಟಣಗಳಲ್ಲಿ ವ್ಯವಹಾರದ ಸಭೆಯೆಂದರೆ ಬಹುಮಂದಿಗೆ ಮೊದಲು ನೆನಪಾಗುವುದು ಸಹಕಾರ ಸಂಘದ ವಾರ್ಷಿಕ ಮಹಾಸಭೆ. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಕಟ್ಟಿದಂದಿನಿಂದ ಈ ಸಭೆಗಳು ನಮ್ಮ ಸಾರ್ವಜನಿಕ ಜೀವನದ ಅಂಗವಾಗಿವೆ. ಕಂಪನಿಗಳಲ್ಲಿ ಷೇರಿನ ಲೆಕ್ಕಕ್ಕೆ ತಕ್ಕಂತೆ ಮತಗಳ ತೂಕ. ಸಹಕಾರ ಸಂಘದಲ್ಲಿ ಹಾಗಲ್ಲ, ಒಬ್ಬ ಸದಸ್ಯನಿಗೆ ಒಂದೇ ಮತ. ನೂರು ರೂಪಾಯಿಯ ಷೇರುದಾರನೂ ಹತ್ತು ಸಾವಿರದ ಷೇರುದಾರನೂ ಕೈ ಎತ್ತಿದರೆ ಎರಡು ಕೈಗಳು, ಅಷ್ಟೆ. ಇದು ಬೈಲಾದ ಮಾತು. ಕುರ್ಚಿಗಳನ್ನು ಹಾಕುವವನು ಎಚ್ಚರ ತಪ್ಪಿದರೆ ಆ ಬೈಲಾ ಬಾಗಿಲಲ್ಲೇ ಸುಳ್ಳಾಗುತ್ತದೆ. ಅದನ್ನು ಸುಳ್ಳು ಮಾಡಿದವನು ನಾನು.

1994ರ ಮಾತು. ನಾನಿದ್ದ ಊರಿನ ಪತ್ತಿನ ಸಂಘವೊಂದಕ್ಕೆ ನಾನು ಗೌರವ ಕಾರ್ಯದರ್ಶಿಯಾಗಿದ್ದೆ. ಭಾಷೆ ಬಲ್ಲವನೆಂದು ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವರದಿಯನ್ನು ಮೂರು ಸಲ ತಿದ್ದಿ ಬರೆದೆ, ಆದರೆ ಸಭೆ ನಡೆಯುವ ಕಲ್ಯಾಣಮಂಟಪವನ್ನು ಮುಂಚಿತವಾಗಿ ಒಂದು ಸಲವೂ ನೋಡಲಿಲ್ಲ. ಮಂಟಪಕ್ಕೆ ಎರಡು ಬಾಗಿಲುಗಳಿದ್ದವು. ಒಂದರ ಮುಂದೆ ಅಡಿಗೆಯ ಕೊಳದಪ್ಪಲೆಗಳನ್ನೂ ಮುರುಕು ಕುರ್ಚಿಗಳನ್ನೂ ಪೇರಿಸಿದ್ದರು. ಇನ್ನೊಂದರ ಒಂದು ರೆಕ್ಕೆಯನ್ನು ನಾನೇ ಹಾಕಿಸಿ ಅಗುಳಿ ಜಡಿಸಿದೆ. ಸಹಿ ಹಾಕದೆ ಯಾರೂ ಒಳಗೆ ನುಸುಳಬಾರದು, ಕೋರಂ ಲೆಕ್ಕ ತಪ್ಪಬಾರದು ಎಂಬುದು ನನ್ನ ಜಾಣತನ. ಸಹಿ ಪುಸ್ತಕದ ಮೇಜನ್ನು ಹೊಸ್ತಿಲಿಗೆ ಅಂಟಿದಂತೆ ಒಳಗಡೆ ಹಾಕಿಸಿದೆ. ಅದೇ ಮೇಜಿನ ಮೇಲೆ ಸದಸ್ಯರಿಗೆ ಕೊಡುವ ಸಿಹಿಯ ಪೊಟ್ಟಣಗಳ ರಾಶಿ.

ನಾನೂರು ಸದಸ್ಯರು ಬರುವವರಿದ್ದರು. ಹೆಸರು ಹುಡುಕಿ ಸಹಿ ಹಾಕಲು ಒಬ್ಬರಿಗೆ ಇಪ್ಪತ್ತು ಸೆಕೆಂಡು ಹಿಡಿದರೂ ನಾನೂರು ಜನಕ್ಕೆ ಎಂಟು ಸಾವಿರ ಸೆಕೆಂಡು, ಎಂದರೆ ಎರಡು ಗಂಟೆ ಹದಿಮೂರು ನಿಮಿಷ. ಪ್ರಾಥಮಿಕ ಶಾಲೆಯ ಹುಡುಗ ಮಾಡಬಲ್ಲ ಈ ಗುಣಾಕಾರವನ್ನು ಎಂ.ಎ. ಓದಿದ ನಾನು ಮಾಡಿರಲಿಲ್ಲ. ಹತ್ತೂವರೆಗೆ ಸಭೆ ಆರಂಭವಾದಾಗ ಅರ್ಧಕ್ಕರ್ಧ ಸದಸ್ಯರು ಬೀದಿಯಲ್ಲಿಯೇ ಸಾಲು ನಿಂತಿದ್ದರು. ಒಳಗೆ ಮುಂದಿನ ಎರಡು ಸಾಲು ಬಿಳಿ ಬಟ್ಟೆ ಹೊದಿಸಿದ ಸೋಫಾಗಳು, ಊರ ಗಣ್ಯರಿಗಾಗಿ. ಅವರು ಹಾರ ಹಾಕಿಸಿಕೊಂಡು ಅರ್ಧ ಗಂಟೆಯಲ್ಲಿ ಎದ್ದು ಹೋದರು. ಸೋಫಾಗಳು ಖಾಲಿಯಾಗಿ ಉಳಿದವು, ಹಿಂದೆ ವಯಸ್ಸಾದವರು ಕಂಬಕ್ಕೊರಗಿ ನಿಂತಿದ್ದರು. ಖಾಲಿ ಆಸನಕ್ಕೂ ಒಂದು ದರ್ಪವುಂಟು. ಅದರ ಮೇಲೆ ಕುಳಿತುಕೊಳ್ಳುವ ಧೈರ್ಯ ಯಾರಿಗೂ ಆಗಲಿಲ್ಲ.

ಆ ದಿನದ ಕಾರ್ಯಸೂಚಿಯಲ್ಲಿ ಒಂದು ಠರಾವಿತ್ತು. ಸದಸ್ಯರು ತೀರಿಕೊಂಡಾಗ ಅವರ ಮನೆಯವರಿಗೆ ನೆರವು ಕೊಡುವ ನಿಧಿಯನ್ನು ಕಟ್ಟಡ ನಿಧಿಯಲ್ಲಿ ವಿಲೀನಗೊಳಿಸಬೇಕೆಂಬ ಠರಾವು. ಒಕ್ಕಣೆ ನನ್ನದೇ. ಮುಂದಿನ ಕೆಲವು ಸಾಲುಗಳು 'ಸಮ್ಮತ' ಎಂದವು. ಹಿಂದಿನವರಿಗೆ ಕೇಳಿಸಲಿಲ್ಲ, ಬೀದಿಯವರಿಗೆ ತಿಳಿಯಲೇ ಇಲ್ಲ. ಎರಡು ನಿಮಿಷದಲ್ಲಿ ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತೆಂದು ನಾನು ಬರೆದುಕೊಂಡೆ. ಅಷ್ಟರಲ್ಲಿ ಯಾರೋ ಪೊಟ್ಟಣಗಳು ಮುಗಿಯುತ್ತಿವೆ ಎಂದರು. ಒಳಗಿದ್ದವರು ಬಾಗಿಲ ಕಡೆಗೆ, ಹೊರಗಿದ್ದವರು ಮೇಜಿನ ಕಡೆಗೆ. ಎರಡು ಹೊಳೆಗಳು ಎರಡಡಿಯ ಸಂದಿನಲ್ಲಿ ಎದುರಾದವು. ಮೇಜು ಉರುಳಿತು. ಹೊಸ್ತಿಲಲ್ಲಿದ್ದ ನಿವೃತ್ತ ಶಾಲಾ ಉಪಾಧ್ಯಾಯರೊಬ್ಬರು ಅದರ ಕೆಳಗೆ ಬಿದ್ದರು. ಅವರ ಬಲಗೈಯ ಮಣಿಕಟ್ಟು ಮುರಿಯಿತು.

ಸಂಜೆ ಅವರ ಮನೆಗೆ ಹೋದೆ. ಕ್ಷಮೆ ಬೇಡುವ ಮಾತುಗಳನ್ನು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದೆ. ಅವರು ಅದಕ್ಕೆ ಎಡೆ ಕೊಡಲಿಲ್ಲ. "ಕೈ ಮುರಿದದ್ದು ಹೇಗೋ ಕೂಡೀತು ಮೇಷ್ಟ್ರೇ. ಆದರೆ ಆ ಠರಾವಿಗೆ ವಿರೋಧವಾಗಿ ಎತ್ತಬೇಕೆಂದು ತಂದಿದ್ದ ಕೈ ಅದು. ಎತ್ತುವ ಹೊತ್ತಿಗೆ ನಾನಿನ್ನೂ ನಿಮ್ಮ ಬಾಗಿಲಲ್ಲಿದ್ದೆ," ಎಂದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. 'ಸರ್ವಾನುಮತ' ಎಂಬ ಪದವನ್ನು ಅಷ್ಟು ಹಗುರವಾಗಿ ನಾನು ಹಿಂದೆಂದೂ ಬಳಸಿರಲಿಲ್ಲ.

ಮುಂದೆ ಈ ವಿಷಯ ಸಿಕ್ಕಲ್ಲೆಲ್ಲ ಓದಿದೆ. ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಪಟ್ಟಣದ ವಿಕ್ಟೋರಿಯಾ ಹಾಲ್‌ನಲ್ಲಿ 1883ರ ಜೂನ್ 16ರಂದು ಮಕ್ಕಳ ವಿನೋದ ಕಾರ್ಯಕ್ರಮವೊಂದು ನಡೆದಿತ್ತು. ಕೊನೆಯಲ್ಲಿ ವೇದಿಕೆಯ ಬಳಿ ಉಡುಗೊರೆ ಹಂಚತೊಡಗಿದರು. ಮಹಡಿಯ ಮಕ್ಕಳು ತಮಗೆ ಸಿಕ್ಕದೆಂದು ಮೆಟ್ಟಿಲಿಳಿದು ಓಡಿದರು. ಕೆಳಗಿನ ಬಾಗಿಲು ಒಳಮುಖವಾಗಿ ತೆರೆಯುವಂಥದು. ಒಂದು ಮಗು ಮಾತ್ರ ನುಸುಳುವಷ್ಟು ಸಂದು ಬಿಟ್ಟು ಅದಕ್ಕೆ ಅಗುಳಿ ಹಾಕಿದ್ದರು. 183 ಮಕ್ಕಳು ಅಲ್ಲಿಯೇ ಉಸಿರುಗಟ್ಟಿ ಸತ್ತರು. ಸಭಾಂಗಣಗಳಿಗೆ ಸಾಕಷ್ಟು ದಾರಿಗಳಿರಬೇಕು, ಬಾಗಿಲು ಹೊರಮುಖವಾಗಿ ತೆರೆಯಬೇಕು ಎಂಬ ಕಟ್ಟಳೆಗಳು ಆ ಮಕ್ಕಳ ಸಾವಿನಿಂದ ಬಲಗೊಂಡವು. ಓದುತ್ತ ನನ್ನ ಮೈ ನಡುಗಿತು. ಅಗುಳಿ, ಸಂದು, ಉಡುಗೊರೆ, ಈ ಮೂರನ್ನೂ ನಾನು ಒಂದೇ ಬಾಗಿಲಲ್ಲಿ ಕೂಡಿಸಿದ್ದೆ. ಸತ್ತವರಿಲ್ಲ ಎಂಬುದು ದೈವದ ದಯೆಯೇ ಹೊರತು ನನ್ನ ಹಿರಿಮೆಯಲ್ಲ.

ಜನರ ಚಲನೆಯನ್ನು ಅಧ್ಯಯನ ಮಾಡಿದ ಅಮೆರಿಕದ ಜಾನ್ ಫ್ರುಯಿನ್ ಎಂಬ ಎಂಜಿನಿಯರರು ಒಂದು ಮಾತು ಹೇಳಿದ್ದಾರೆ. ಒಂದು ಚದರ ಮೀಟರಿನಲ್ಲಿ ಏಳು ಜನರಷ್ಟು ಒತ್ತೊತ್ತಾಗಿ ಸೇರಿದರೆ ಗುಂಪು ಮನುಷ್ಯರ ಗುಂಪಾಗಿ ಉಳಿಯುವುದಿಲ್ಲ, ದ್ರವದಂತೆ ಹೊಯ್ದಾಡತೊಡಗುತ್ತದೆ. ಆಗ ಯಾರ ಕಾಲೂ ಅವರ ವಶದಲ್ಲಿರುವುದಿಲ್ಲ. ನಾವು ಕಾಲ್ತುಳಿತ ಎನ್ನುತ್ತೇವೆ. ವಾಸ್ತವವಾಗಿ ಇಂಥಲ್ಲಿ ಹೆಚ್ಚು ಜನ ಸಾಯುವುದು ತುಳಿತದಿಂದಲ್ಲ, ಎದೆಯೊತ್ತಿ ಉಸಿರಾಟ ನಿಂತು. ಹಿಂದಿನವನಿಗೆ ಮುಂದೇನಾಗಿದೆ ಎಂಬುದು ಕಾಣದು, ಮುಂದಿನವನ ಕೂಗು ಹಿಂದಕ್ಕೆ ಮುಟ್ಟದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ವಿಜಯೋತ್ಸವದ ನೂಕುನುಗ್ಗಲಿಗೆ ಸಿಕ್ಕಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ಅಂಥ ಸುದ್ದಿ ಬಂದಾಗಲೆಲ್ಲ ಜನಕ್ಕೆ ಶಿಸ್ತಿಲ್ಲ ಎನ್ನುವವರುಂಟು. ನಾನೂ 1994ರಲ್ಲಿ ಅದನ್ನೇ ಹೇಳಿದ್ದೆ. ಈಗ ಹೇಳಲಾರೆ. ಶಿಸ್ತು ಕಾಲಿಡಲು ಜಾಗವಿದ್ದಲ್ಲಿ ಮಾತ್ರ ಇರುತ್ತದೆ.

ಮರುವರ್ಷ ನಾನು ವರದಿಯನ್ನು ಒಂದೇ ಸಲ ಬರೆದೆ, ಮಂಟಪವನ್ನು ಮೂರು ಸಲ ನೋಡಿದೆ. ಕೊಳದಪ್ಪಲೆಗಳನ್ನು ತೆಗೆಸಿ ಎರಡು ಬಾಗಿಲುಗಳನ್ನೂ ಪೂರ್ಣವಾಗಿ ತೆರೆಸಿದೆ. ಒಂದು ಬರಲು, ಒಂದು ಹೋಗಲು. ಸಹಿಯ ಮೇಜುಗಳು ಹೊರಗೆ ಶಾಮಿಯಾನದ ನೆರಳಿಗೆ ಹೋದವು. ಅಕಾರಾದಿಯಾಗಿ ಹೆಸರುಗಳನ್ನು ಹಂಚಿ ನಾಲ್ಕು ಮೇಜು ಹಾಕಿಸಿದೆ. ಎರಡು ಗಂಟೆಯ ಮೇಲಿನ ಕೆಲಸ ಸುಮಾರು ಮೂವತ್ತಮೂರು ನಿಮಿಷಕ್ಕೆ ಇಳಿಯಿತು. ಯಾವ ಕುರ್ಚಿಯಿಂದ ಎದ್ದರೂ ಏಳು ಕುರ್ಚಿ ದಾಟುವಷ್ಟರಲ್ಲಿ ದಾರಿ ಸಿಗುವಂತೆ ಸಾಲುಗಳ ನಡುವೆ ಓಣಿಗಳನ್ನು ಬಿಟ್ಟೆವು. ಕುರ್ಚಿಗಳು ಉರುಳಿ ಕಾಲಿಗೆ ತೊಡಕಾಗದಂತೆ ನಾಲ್ಕು ನಾಲ್ಕನ್ನು ಹಗ್ಗದಿಂದ ಕಟ್ಟಿದೆವು. ಸೋಫಾಗಳನ್ನು ತೆಗೆದು ಮೊದಲ ಸಾಲುಗಳನ್ನು ವೃದ್ಧರಿಗೂ ಅಶಕ್ತರಿಗೂ ಮೀಸಲಿಟ್ಟೆವು. ಸಿಹಿಯ ಪೊಟ್ಟಣ ಸಭೆ ಮುಗಿದ ಮೇಲೆ, ಹೊರಗೆ ಹೋಗುವ ದಾರಿಯಲ್ಲಿ, ಎಲ್ಲರಿಗೂ ಸಾಕಾಗುವಷ್ಟು ಇದೆಯೆಂದು ಮೊದಲೇ ಸಾರಿದೆವು. ಎಲ್ಲಕ್ಕಿಂತ ಹೆಚ್ಚಾಗಿ, ಸದಸ್ಯರ ಮೈಕನ್ನು ವೇದಿಕೆಯ ಬುಡದಿಂದ ಕಿತ್ತು ಸಭೆಯ ನಡುವಿನ ಓಣಿಯಲ್ಲಿ ನಿಲ್ಲಿಸಿದೆವು.

ಆ ಮೈಕಿಗೆ ಮೊದಲು ಬಂದವರು ಹಿಂದಿನ ಸಾಲಿನ ಒಬ್ಬ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಅವರ ಷೇರು ಈಕೆಯ ಹೆಸರಿಗಾಗಿತ್ತು. ಎಷ್ಟೋ ಸಭೆಗಳಿಗೆ ಬಂದವರು, ಬಾಯಿ ತೆರೆದವರಲ್ಲ. "ಆ ನಿಧಿ ಇದ್ದದ್ದರಿಂದ ನನ್ನ ಮಕ್ಕಳು ಆ ವರ್ಷ ಶಾಲೆ ಬಿಡಲಿಲ್ಲ. ಅದನ್ನು ತೆಗೆಯಬೇಕೆಂದು ಯಾರು ಕೇಳಿದ್ದರು?" ಎಂದರು. ಸಭೆ ನಿಶ್ಶಬ್ದವಾಯಿತು. ವೇದಿಕೆಯ ಮೇಲೆ ಕುಳಿತಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಯಾರೂ ಕೇಳಿರಲಿಲ್ಲ, ನಾವೇ ಬರೆದುಕೊಂಡಿದ್ದೆವು. ಅಧ್ಯಕ್ಷರು ವಿಷಯವನ್ನು ಮರುಚರ್ಚೆಗೆ ತೆಗೆದುಕೊಂಡರು. ಒಂದೂವರೆ ಗಂಟೆ ವಾದ ನಡೆಯಿತು. ಸಾಲುಸಾಲಾಗಿ ಕೈಗಳನ್ನು ಎಣಿಸಿದೆವು. ಕಟ್ಟಡವೂ ಬೇಕೆನ್ನುವವರು ಬಹಳ ಮಂದಿ ಇದ್ದರು. ನಿಧಿಯ ಅರ್ಧಭಾಗ ಮಾತ್ರ ಹಿಂದಿರುಗಿತು. ನ್ಯಾಯ ಪೂರ್ಣವಾಗಿ ದೊರೆಯಿತೆಂದು ನಾನು ಹೇಳಲಾರೆ. ಆದರೆ ಆ ಸಲದ ಎಣಿಕೆ ಸತ್ಯವಾದ ಎಣಿಕೆಯಾಗಿತ್ತು. ಉಪಾಧ್ಯಾಯರು ಮೊದಲ ಸಾಲಿನಲ್ಲಿದ್ದರು. ಕೂಡಿಕೊಂಡು ತುಸು ಸೊಟ್ಟಗಾಗಿದ್ದ ಅವರ ಕೈಯನ್ನು ನಾನೇ ಎಣಿಸಿದೆ.

ಶ್ರೋತೃಗಳೇ, ತಾವೂ ಒಂದಲ್ಲ ಒಂದು ಸಭೆಯನ್ನು ನಡೆಸುವವರೇ. ಸಂಘದ್ದಿರಬಹುದು, ಶಾಲೆಯದಿರಬಹುದು, ಸಾಹಿತ್ಯದ್ದೂ ಇರಬಹುದು. ಕರೆಯೋಲೆ ಅಚ್ಚಿಗೆ ಹೋಗುವ ಮೊದಲು ಒಂದು ಸಂಜೆ ಆ ಸಭಾಂಗಣಕ್ಕೆ ಹೋಗಿ. ವೇದಿಕೆಯನ್ನು ಹತ್ತಬೇಡಿ. ಕಟ್ಟಕಡೆಯ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಅಲ್ಲಿಂದ ಮಾತು ಕೇಳಿಸುತ್ತದೆಯೇ, ಅಲ್ಲಿಂದ ಮಾತನಾಡಲು ಬರುತ್ತದೆಯೇ, ಆತುರ ಬಿದ್ದರೆ ಅಲ್ಲಿಂದ ಹೊರಗೆ ಹೋಗಲಾಗುತ್ತದೆಯೇ, ಇಷ್ಟನ್ನು ನೋಡಿ. ಅನಂತರ ಬಾಗಿಲಿಗೆ ಹೋಗಿ ಅಗುಳಿಯನ್ನು ಒಮ್ಮೆ ಮುಟ್ಟಿ ನೋಡಿ. ಸ್ವಾಗತ ಭಾಷಣವನ್ನು ಆಮೇಲೆ ಬರೆದರಾಯಿತು.



(ಬಾನುಲಿ ಭಾಷಣ)